ಡೇಲ್ ಚಿಹುಲಿ: ಗಾಜು, ತಂಡ ಮತ್ತು ಅಳತೆ ಮೀರಿದ ಆಸೆ

ಡೇಲ್ ಚಿಹುಲಿ (ಜನನ: 20 ಸೆಪ್ಟೆಂಬರ್ 1941) ಅಮೆರಿಕದ ಗಾಜು ಶಿಲ್ಪಿ. ಹೂದಾನಿ, ಬಟ್ಟಲು, ಲೋಟಗಳ ಲೆಕ್ಕದಲ್ಲಿದ್ದ ಊದುಗಾಜನ್ನು ಕಟ್ಟಡದ ಛಾವಣಿ, ನಗರದ ಕಾಲುವೆ, ಸಸ್ಯೋದ್ಯಾನಗಳ ಅಳತೆಗೆ ಬೆಳೆಸಿದವರು. ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿ ಹುಟ್ಟಿ ನೆರೆಯ ಸಿಯಾಟಲ್‌ನಲ್ಲಿ ನೆಲೆಸಿದ ಇವರ ಕೃತಿಗಳು ಜಗತ್ತಿನ ಇನ್ನೂರಕ್ಕೂ ಹೆಚ್ಚು ಸಂಗ್ರಹಾಲಯಗಳಲ್ಲಿವೆ. 1960ರ ದಶಕದಲ್ಲಿ ಅಮೆರಿಕದಲ್ಲಿ ತಲೆಯೆತ್ತಿದ ಸ್ಟುಡಿಯೊ ಗಾಜಿನ ಚಳವಳಿಯಲ್ಲಿ ಜನಸಾಮಾನ್ಯರಿಗೆ ಗೊತ್ತಿರುವ ಹೆಸರು ಒಂದೇ ಇದ್ದರೆ ಅದು ಇವರದು. ಆ ಚಳವಳಿ ನಂಬಿದ್ದು ಕಲಾವಿದ ತನ್ನ ಕುಲುಮೆಯ ಮುಂದೆ ಒಬ್ಬನೇ ನಿಂತು ಗಾಜು ಊದಬೇಕು ಎಂಬ ಆದರ್ಶವನ್ನು. ಚಿಹುಲಿ ಹಿಡಿದದ್ದು ಬೇರೆ ದಾರಿ: ಹತ್ತಾರು ಕೈಗಳ ತಂಡ, ಆ ತಂಡಕ್ಕೊಬ್ಬ ನಿರ್ದೇಶಕ. ಅವರ ಸಾಧನೆಯ ದೊಡ್ಡ ಭಾಗವೂ ಅದರ ಸುತ್ತ ಎದ್ದ ತಕರಾರುಗಳೂ ಈ ಆಯ್ಕೆಯಿಂದಲೇ ಹುಟ್ಟಿದವು.

ಬಾಲ್ಯ

ಟಕೋಮಾ ಬಂದರು ಮತ್ತು ಮರದ ಮಿಲ್ಲುಗಳ ಊರು. ತಂದೆ ಜಾರ್ಜ್ ಮಾಂಸದಂಗಡಿಯ ಕೆಲಸದ ಜೊತೆಗೆ ಕಾರ್ಮಿಕ ಸಂಘಟನೆಯಲ್ಲೂ ತೊಡಗಿದ್ದವರು. ತಾಯಿ ವಯೋಲಾ ಮನೆಯ ಸುತ್ತ ರೋಡೊಡೆಂಡ್ರಾನ್, ಅಜೇಲಿಯಾ ಗಿಡಗಳನ್ನು ಒತ್ತೊತ್ತಾಗಿ ಬೆಳೆಸಿದ್ದರು. ಹೂ ಬಿಟ್ಟ ಕಾಲದ ಆ ತೋಟವನ್ನು ಚಿಹುಲಿ ಬದುಕಿನುದ್ದಕ್ಕೂ ನೆನೆದಿದ್ದಾರೆ. 1957ರಲ್ಲಿ ಅಣ್ಣ ಫ್ಲಾರಿಡಾದ ಪೆನ್ಸಕೋಲಾದಲ್ಲಿ ನೌಕಾಪಡೆಯ ವಿಮಾನ ತರಬೇತಿಯ ವೇಳೆ ಅಪಘಾತದಲ್ಲಿ ತೀರಿಕೊಂಡರು. ಮರುವರ್ಷವೇ ಹೃದಯಾಘಾತ ತಂದೆಯನ್ನು ಒಯ್ದಿತು. ಮನೆಯಲ್ಲಿ ಉಳಿದದ್ದು ತಾಯಿ, ಮಗ ಇಬ್ಬರೇ. ಓದಿನಲ್ಲಿ ಆಸಕ್ತಿ ಇಲ್ಲದ ಮಗನನ್ನು ಪಟ್ಟು ಹಿಡಿದು ಕಾಲೇಜಿಗೆ ಕಳಿಸಿದ್ದು ತಾಯಿ.

ತೋಟದಷ್ಟೇ ಗಾಢವಾಗಿ ಮನಸ್ಸಿನಲ್ಲಿ ಉಳಿದದ್ದು ಪ್ಯೂಜೆಟ್ ಸೌಂಡ್ ಕಡಲತೀರ. ಜಪಾನಿನ ಬೆಸ್ತರು ಬಲೆಗೆ ಕಟ್ಟುತ್ತಿದ್ದ ಗಾಜಿನ ತೇಲುಗುಂಡುಗಳು ಬಲೆಯಿಂದ ಬಿಡಿಸಿಕೊಂಡು, ಇಡೀ ಪೆಸಿಫಿಕ್ ಸಾಗರ ದಾಟಿ ಈ ತೀರಗಳಿಗೆ ಬಂದು ಬೀಳುತ್ತಿದ್ದವು. ಹುಡುಗರು ಅವನ್ನು ಆರಿಸಿ ತರುತ್ತಿದ್ದರು. ತೋಟ ಮತ್ತು ಸಮುದ್ರ ಇವೆರಡನ್ನು ಬಿಟ್ಟು ಚಿಹುಲಿಯ ಕಲ್ಪನೆ ಹೆಚ್ಚು ದೂರ ಹೋಗಿಲ್ಲ ಎಂದರೆ ಅದು ಕೊರತೆಯ ಮಾತಲ್ಲ. ಅವೆರಡನ್ನೇ ಅರವತ್ತು ವರ್ಷ ಅಗೆದರೂ ಅವರಿಗೆ ಬತ್ತಲಿಲ್ಲ.

ನೇಯ್ಗೆಯಿಂದ ಗಾಜಿಗೆ

ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಚಿಹುಲಿ ಓದಿದ್ದು ಒಳಾಂಗಣ ವಿನ್ಯಾಸ. ನಡುವೆ ಓದು ಬಿಟ್ಟು ಯುರೋಪು ಸುತ್ತಿದರು; 1963ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಲಹಾವ್ ಕಿಬ್ಬುಟ್ಸ್‌ನಲ್ಲಿ ದುಡಿದರು. ತಾನು ಜವಾಬ್ದಾರಿಯುಳ್ಳ ಮನುಷ್ಯನಾದದ್ದು ಅಲ್ಲಿ ಎಂಬ ಭಾವ ಅವರದು. ವಾಪಸಾದ ಮೇಲೆ ನೇಯ್ಗೆಯ ತರಗತಿಯಲ್ಲಿ ದಾರಗಳ ನಡುವೆ ಗಾಜಿನ ಚೂರುಗಳನ್ನು ಸೇರಿಸಿ ನೇಯತೊಡಗಿದರು. 1965ರಲ್ಲಿ ಪದವಿ ಮುಗಿಸಿ, ಸಿಯಾಟಲ್‌ನ ಸ್ಪೇಸ್ ನೀಡಲ್ ಗೋಪುರದ ವಿನ್ಯಾಸದಲ್ಲಿ ಪಾಲಿದ್ದ ಜಾನ್ ಗ್ರಹಾಂ ವಾಸ್ತುಶಿಲ್ಪ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದರು. ಅದೇ ವರ್ಷ ಒಂದು ರಾತ್ರಿ, ಮನೆಯ ನೆಲಮಾಳಿಗೆಯಲ್ಲಿ ಬಣ್ಣದ ಗಾಜಿನ ಚೂರುಗಳನ್ನು ಕರಗಿಸಿ, ಲೋಹದ ಕೊಳವೆಯ ತುದಿಗೆ ಮೆತ್ತಿಕೊಂಡು ಊದಿದರು. ಗುಳ್ಳೆಯೊಂದು ಎದ್ದಿತು. ಯಾರೂ ಹೇಳಿಕೊಟ್ಟಿರಲಿಲ್ಲ. ಗಾಜು ಊದುವುದನ್ನೇ ಕಲಿಯಬೇಕೆಂದು ಹಟ ಹಿಡಿದು, ಅದಕ್ಕೆ ಬೇಕಾದ ದುಡ್ಡಿಗಾಗಿ 1966ರಲ್ಲಿ ಅಲಾಸ್ಕಾದ ಮೀನುಗಾರಿಕೆ ದೋಣಿಯಲ್ಲಿ ಕೂಲಿ ಮಾಡಿದರು.

ಅವರು ಕಲಿಯಲು ಹೋದದ್ದು ಹಾರ್ವೆ ಲಿಟಲ್‌ಟನ್ ಬಳಿ. ಈ ಹೆಸರಿನ ಮಹತ್ವ ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. ಗಾಜು ಊದುವುದು ಆವರೆಗೆ ಕಾರ್ಖಾನೆಯ ಕಸುಬು. ವಿನ್ಯಾಸಕಾರ ಕಾಗದದ ಮೇಲೆ ಬರೆದುಕೊಟ್ಟದ್ದನ್ನು ಕುಲುಮೆಯ ಕೆಲಸಗಾರರು ಮಾಡುತ್ತಿದ್ದರು. ದೊಡ್ಡ ಕುಲುಮೆಯಿಲ್ಲದೆ ಗಾಜು ಕರಗಿಸುವುದು ಆಗದ ಮಾತು ಎಂಬ ನಂಬಿಕೆಯಿತ್ತು. ಕುಂಬಾರಿಕೆ ಕಲಿಸುತ್ತಿದ್ದ ಲಿಟಲ್‌ಟನ್ 1962ರಲ್ಲಿ ಒಹಾಯೊದ ಟೊಲೀಡೊ ಕಲಾ ಸಂಗ್ರಹಾಲಯದ ಆವರಣದಲ್ಲಿ ಎರಡು ಕಮ್ಮಟ ನಡೆಸಿದರು. ಗಾಜು ತಂತ್ರಜ್ಞ ಡಾಮಿನಿಕ್ ಲಬೀನೊ ಅವರ ನೆರವಿನಿಂದ, ಕಡಿಮೆ ಶಾಖಕ್ಕೆ ಕರಗುವ ಗಾಜಿನ ಗೋಲಿಗಳನ್ನು ಬಳಸಿ, ಒಬ್ಬ ಕಲಾವಿದ ತನ್ನ ಸ್ಟುಡಿಯೊದಲ್ಲೇ ಗಾಜು ಊದಬಹುದು ಎಂದು ತೋರಿಸಿದರು. ಬಳಿಕ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಅವರು ಆರಂಭಿಸಿದ ಪಾಠಕ್ರಮವೇ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಗಾಜು ಊದುವುದನ್ನು ಕಲಿಸಿದ ಮೊದಲ ಪಾಠಕ್ರಮ. ಚಿಹುಲಿ ಅಲ್ಲಿ 1967ರಲ್ಲಿ ಸ್ನಾತಕೋತ್ತರ ಪದವಿ ಪಡೆದರು, ಮರುವರ್ಷ ರೋಡ್ ಐಲೆಂಡ್ ಸ್ಕೂಲ್ ಆಫ್ ಡಿಸೈನ್‌ನಿಂದ ಇನ್ನೊಂದು.

ವೆನಿನಿ ಕಾರ್ಖಾನೆ, ಪಿಲ್ಚಕ್ ಶಾಲೆ

1968ರಲ್ಲಿ ಫುಲ್‌ಬ್ರೈಟ್ ವೇತನ ಸಿಕ್ಕಿ ಚಿಹುಲಿ ವೆನಿಸ್ಸಿನ ಪಕ್ಕದ ಮುರಾನೊ ದ್ವೀಪಕ್ಕೆ, ವೆನಿನಿ ಕಾರ್ಖಾನೆಗೆ ಹೋದರು. ಬೆಂಕಿಯ ಭಯಕ್ಕೆ ವೆನಿಸ್ ಗಣರಾಜ್ಯ ತನ್ನ ಗಾಜಿನ ಕುಲುಮೆಗಳನ್ನೆಲ್ಲ ಈ ದ್ವೀಪಕ್ಕೆ ಎತ್ತಂಗಡಿ ಮಾಡಿಸಿದ್ದು 1291ರಲ್ಲಿ. ಆಗಿನಿಂದ ಅಲ್ಲಿ ಕಸುಬಿನ ಗುಟ್ಟು ಮನೆತನದೊಳಗೇ ಇಳಿದು ಬಂದಿತ್ತು. ಲಿಟಲ್‌ಟನ್ ಬಳಿ ಕಲಿತು ಬಂದ ಹುಡುಗನಿಗೆ ಇಲ್ಲಿ ಕಂಡದ್ದು ಬೇರೆಯದೇ ಲೋಕ. ಮುಖ್ಯ ಕಸುಬುದಾರ, ಮುರಾನೊದ ಮಾತಿನಲ್ಲಿ ಮಾಯೆಸ್ತ್ರೊ, ಬೆಂಚಿನ ಮೇಲೆ ಕೂತಿರುತ್ತಾನೆ. ಒಬ್ಬ ಕುಲುಮೆಯಿಂದ ಗಾಜು ತರುತ್ತಾನೆ, ಒಬ್ಬ ಕೊಳವೆ ಊದುತ್ತಾನೆ, ಇನ್ನೊಬ್ಬ ಹಿಡಿಕೆಗೆ ಬೇಕಾದ ತುಣುಕನ್ನು ಹದ ನೋಡಿ ಮುಂದೆ ಚಾಚುತ್ತಾನೆ. ಯಾರೂ ಯಾರನ್ನೂ ಕೇಳುವುದಿಲ್ಲ, ಕಾಯುವುದಿಲ್ಲ. ಒಬ್ಬನಿಂದ ಎಂದೂ ಆಗದ ಗಾತ್ರ, ತೆಳುವು, ಸೂಕ್ಷ್ಮತೆ ಹೀಗೆ ಸಾಧ್ಯವಾಗುತ್ತದೆ ಎಂದು ಚಿಹುಲಿ ಅಲ್ಲಿ ಕಂಡುಕೊಂಡರು. ಮರುವರ್ಷ ಅಂದಿನ ಚೆಕೊಸ್ಲೊವಾಕಿಯಾಕ್ಕೆ ಹೋಗಿ ಎರಕದ ಗಾಜಿನ ಮಹಾನ್ ಶಿಲ್ಪಿ ದಂಪತಿ ಸ್ತನಿಸ್ಲಾವ್ ಲಿಬೆನ್‌ಸ್ಕಿ ಮತ್ತು ಯಾರೊಸ್ಲಾವಾ ಬ್ರಿಖ್ತೊವಾ ಅವರನ್ನೂ ಕಂಡು ಬಂದರು.

ರೋಡ್ ಐಲೆಂಡ್ ಶಾಲೆಯಲ್ಲಿ ಗಾಜು ವಿಭಾಗ ಕಟ್ಟಿ ಒಂದು ದಶಕ ಅಲ್ಲಿ ಕಲಿಸಿದರು. ವಿದ್ಯಾರ್ಥಿ ಜೇಮ್ಸ್ ಕಾರ್ಪೆಂಟರ್ ಜೊತೆ ಸೇರಿ 1971ರಲ್ಲಿ ನಿಯಾನ್ ಕೊಳವೆಗಳನ್ನು ಇಪ್ಪತ್ತು ಸಾವಿರ ಪೌಂಡ್ ಮಂಜುಗಡ್ಡೆಯೊಳಗಿಟ್ಟು ಮಾಡಿದ ಪ್ರಯೋಗ, ಮುಂದೆ ಅವರು ಕೋಣೆ, ಕಟ್ಟಡಗಳನ್ನೇ ತುಂಬಿಸಲಿದ್ದ ರೀತಿಯ ಮೊದಲ ಸೂಚನೆ.

ಅದೇ 1971ರಲ್ಲಿ, ಸಿಯಾಟಲ್‌ನಿಂದ ಸುಮಾರು 80 ಕಿಲೊಮೀಟರ್ ಉತ್ತರಕ್ಕೆ, ಜಾನ್ ಹಾಬರ್ಗ್ ಮತ್ತು ಆ್ಯನ್ ಗೌಲ್ಡ್ ಹಾಬರ್ಗ್ ಎಂಬ ಕಲಾಪೋಷಕ ದಂಪತಿಯ ಮರದ ತೋಪಿನಲ್ಲಿ ಪಿಲ್ಚಕ್ ಗಾಜು ಶಾಲೆ ಹುಟ್ಟಿತು. ಕೈಯಲ್ಲಿದ್ದದ್ದು 2000 ಡಾಲರ್ ಅನುದಾನ. ವಿದ್ಯಾರ್ಥಿಗಳೇ ಕುಲುಮೆ ಕಟ್ಟಿದರು, ಟಾರ್ಪಾಲು ಹೊದಿಸಿ ಗುಡಿಸಲು ಹಾಕಿಕೊಂಡರು. ಆ ಬೇಸಿಗೆ ಪೂರ್ತಿ ಮಳೆ ಹೊಡೆಯಿತು. ಆರಂಭ ಇಷ್ಟು ಬಡವಾಗಿದ್ದರೂ ಇಂದು ಗಾಜಿನ ಕಲೆ ಕಲಿಯಬೇಕೆನ್ನುವವರು ದೇಶದೇಶಗಳಿಂದ ಅಲ್ಲಿಗೆ ಬರುತ್ತಾರೆ. ಮುರಾನೊದ ಮೇರು ಕಸುಬುದಾರ ಲೀನೊ ತಾಲ್ಯಾಪಿಯೆತ್ರಾ 1979ರಲ್ಲಿ ಪಿಲ್ಚಕ್‌ಗೆ ಬಂದು, ಶತಮಾನಗಳಿಂದ ದ್ವೀಪ ದಾಟದ ವಿದ್ಯೆಯನ್ನು ಅಮೆರಿಕನ್ನರಿಗೆ ಧಾರೆಯೆರೆದರು. ಅದಕ್ಕಾಗಿ ತಮ್ಮೂರಿನಲ್ಲಿ ಬೈಗುಳವನ್ನೂ ತಿಂದರು. ಟ್ಲಿಂಗಿಟ್ ಬುಡಕಟ್ಟಿನ ಪ್ರೆಸ್ಟನ್ ಸಿಂಗಲ್ಟರಿ ತಮ್ಮ ಜನರ ಕೆತ್ತನೆಯ ಆಕಾರಗಳನ್ನು ಗಾಜಿಗೆ ತಂದ ಕಥೆಯಲ್ಲೂ ಪಿಲ್ಚಕ್ ಇದೆ. ಚಿಹುಲಿಯ ಒಂದೊಂದು ಶಿಲ್ಪವನ್ನೂ ಬದಿಗಿಟ್ಟು ನೋಡಿದರೂ, ಈ ಶಾಲೆಯೊಂದರಿಂದಲೇ ಗಾಜಿನ ಚರಿತ್ರೆಯಲ್ಲಿ ಅವರ ಸ್ಥಾನ ಭದ್ರ.

ಕಂಬಳಿ, ಅಪಘಾತ, ಬುಟ್ಟಿ

1974ರಲ್ಲಿ ನ್ಯೂ ಮೆಕ್ಸಿಕೊದ ಸಾಂಟಾ ಫೆಯಲ್ಲಿ, ಅಮೆರಿಕದ ಮೂಲನಿವಾಸಿಗಳ ಕಲಾಶಾಲೆಯಲ್ಲಿ ಗಾಜಿನ ಕುಲುಮೆ ಹಾಕಿಕೊಡಲು ಚಿಹುಲಿ ಹೋಗಿದ್ದರು. ಮೂಲನಿವಾಸಿಗಳ ಕಂಬಳಿಗಳನ್ನು ಅವರು ಮೊದಲಿನಿಂದ ಕೂಡಿಡುತ್ತ ಬಂದವರು. ನವಾಹೊ ಕಂಬಳಿಯ ಪಟ್ಟೆಗಳನ್ನು ಗಾಜಿನ ಮೇಲೆ ಮೂಡಿಸುವ ಉಪಾಯ ಈ ದಿನಗಳದು. ಬಣ್ಣದ ಗಾಜನ್ನು ಸಣ್ಣ ಎಳೆಗಳಾಗಿ ಎಳೆದು, ಕತ್ತರಿಸಿ, ಉಕ್ಕಿನ ಹಾಸಿನ ಮೇಲೆ ಕಂಬಳಿಯ ವಿನ್ಯಾಸಕ್ಕೆ ಜೋಡಿಸಿಡುವುದು. ಕಾದ ಗಾಜಿನ ಉರುಳೆಯನ್ನು ಅದರ ಮೇಲೆ ಹೊರಳಿಸಿದರೆ ಎಳೆಗಳೆಲ್ಲ ಅದಕ್ಕೆ ಅಂಟಿ ಬೆಸೆದುಕೊಳ್ಳುತ್ತವೆ. ಈ ಎಳೆಗಳ ಚಿತ್ರಗಳನ್ನು ಜೋಡಿಸಿದವರು ಕೇಟ್ ಎಲಿಯಟ್ ಮತ್ತು ಫ್ಲೋರಾ ಮೇಸ್. ನೇಯ್ಗೆ ಕಲಿತ ಕೈ ಗಾಜಿನಲ್ಲಿ ದಾರ ಹುಡುಕಿದ್ದು ಸಹಜವೇ. 1976ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯದ ಕ್ಯುರೇಟರ್ ಹೆನ್ರಿ ಗೆಲ್ಡ್‌ಜಾಲರ್ ಇವುಗಳಲ್ಲಿ ಮೂರನ್ನು ಸಂಗ್ರಹಕ್ಕೆ ಕೊಂಡರು. ಕರಕುಶಲ ಎಂದು ಮೂಲೆಗಿಟ್ಟಿದ್ದ ಮಾಧ್ಯಮಕ್ಕೆ ಅದು ದೊಡ್ಡ ಮನ್ನಣೆ.

ಅದೇ ವರ್ಷ ಬ್ರಿಟನ್ನಿನಲ್ಲಿ ಉಪನ್ಯಾಸ ಪ್ರವಾಸದಲ್ಲಿದ್ದಾಗ ಕಾರು ಅಪಘಾತವಾಗಿ ಮುಂದಿನ ಗಾಜು ಒಡೆದು ಹೊರಕ್ಕೆ ಎಸೆಯಲ್ಪಟ್ಟರು. ಎಡಗಣ್ಣು ಹೋಯಿತು, ಕಾಲಿಗೂ ಶಾಶ್ವತ ಪೆಟ್ಟಾಯಿತು. ಇಂದಿಗೂ ಅವರ ಗುರುತಾಗಿರುವ ಕಪ್ಪು ಕಣ್ಣುಪಟ್ಟಿ ಅಂದಿನದು. ಒಂದೇ ಕಣ್ಣಿನವರಿಗೆ ವಸ್ತು ಎಷ್ಟು ದೂರದಲ್ಲಿದೆ ಎಂಬ ಅಂದಾಜು ತಪ್ಪುತ್ತದೆ. ಸಾವಿರ ಡಿಗ್ರಿ ಮೀರಿದ ಗಾಜು ಹಿಡಿದು ಜನರ ನಡುವೆ ಓಡಾಡುವ ಕಸುಬಿನಲ್ಲಿ ಅದು ಸಣ್ಣ ಸಂಗತಿಯಲ್ಲ. ಆದರೂ ಮೂರು ವರ್ಷ ಊದಿದರು. 1979ರಲ್ಲಿ ಸಮುದ್ರದ ಅಲೆಗಳಲ್ಲಿ ಆಡುವಾಗ ಭುಜದ ಕೀಲು ತಪ್ಪಿ ಭಾರದ ಕೊಳವೆ ಹಿಡಿಯುವುದು ಕಷ್ಟವಾದ ಮೇಲೆ, ಬೆಂಚನ್ನು ಶಾಶ್ವತವಾಗಿ ಬೇರೆಯವರಿಗೆ ಬಿಟ್ಟುಕೊಟ್ಟರು. ಮುಖ್ಯ ಊದುಗಾರನನ್ನು ಈ ಕಸುಬಿನಲ್ಲಿ ಗ್ಯಾಫರ್ ಎನ್ನುತ್ತಾರೆ. ಬೆಂಜಮಿನ್ ಮೂರ್, ವಿಲಿಯಂ ಮಾರಿಸ್ ಅವರ ಗ್ಯಾಫರ್‌ಗಳಾದರು. ಚಿಹುಲಿ ಸುತ್ತ ನಡೆದಾಡುತ್ತ, ನೋಡುತ್ತ, ಸಾಕು, ಇನ್ನಷ್ಟು ಎನ್ನುತ್ತ ನಿರ್ದೇಶಿಸತೊಡಗಿದರು. ತಲೆಯಲ್ಲಿರುವುದನ್ನು ತಂಡಕ್ಕೆ ತಿಳಿಸಲು ಚಿತ್ರ ಬರೆಯಲು ಶುರುಮಾಡಿದರು. ಇದ್ದಿಲು, ಅಕ್ರಿಲಿಕ್ ಬಣ್ಣ, ಕೊನೆಗೆ ಬಣ್ಣದ ಸೀಸೆಯನ್ನೇ ಹಿಂಡಿ ನೆಲದ ಮೇಲೆ ಹಾಸಿದ ಕಾಗದಕ್ಕೆ ಎರಚಿ ಬರೆದ ಆ ಚಿತ್ರಗಳು ಬರಬರುತ್ತ ಸ್ವತಂತ್ರ ಕೃತಿಗಳೇ ಆದವು. ವೆನಿನಿಯಲ್ಲಿ ಮೆಚ್ಚಿಕೊಂಡ ತಂಡದ ಪದ್ಧತಿಯನ್ನು ದೇಹವೇ ಅನಿವಾರ್ಯ ಮಾಡಿತು.

ಇವೆರಡು ಅಪಘಾತಗಳ ನಡುವೆ, 1977ರಲ್ಲಿ, ಚಿಹುಲಿಯ ಅತ್ಯುತ್ತಮ ಕೆಲಸ ಮೂಡಿತು. ಟಕೋಮಾದಲ್ಲಿ ವಾಷಿಂಗ್ಟನ್ ರಾಜ್ಯ ಇತಿಹಾಸ ಸಂಘದ ಸಂಗ್ರಹಕ್ಕೆ ಗೆಳೆಯರಾದ ಶಿಲ್ಪಿ ಇಟಾಲೊ ಸ್ಕಾಂಗಾ ಮತ್ತು ಕಾರ್ಪೆಂಟರ್ ಜೊತೆ ಹೋಗಿದ್ದಾಗ, ವಾಯವ್ಯ ಕರಾವಳಿಯ ಮೂಲನಿವಾಸಿಗಳು ಹೆಣೆದ ಹಳೆಯ ಬುಟ್ಟಿಗಳು ಒಂದರೊಳಗೊಂದು, ಒಂದರ ಮೇಲೊಂದು ಪೇರಿಸಿಟ್ಟಿದ್ದು ಕಂಡಿತು. ಹೆಣೆದವರ ಕೈಯಲ್ಲಿ ಅವು ದುಂಡಗೇ ಇದ್ದಿರಬೇಕು. ವರ್ಷಗಳ ಭಾರಕ್ಕೆ ಕಂಠ ವಾಲಿ, ಹೊಟ್ಟೆ ಕುಸಿದು, ಮೈ ಸೊಟ್ಟಗಾಗಿತ್ತು. ಈ ಸೊಟ್ಟನ್ನೇ ಗಾಜಿನಲ್ಲಿ ತರಬೇಕೆನ್ನಿಸಿತು ಅವರಿಗೆ.

ಇದು ಎಷ್ಟು ದೊಡ್ಡ ತಿರುವು ಎಂದು ತಿಳಿಯಲು ಗಾಜು ಊದುವ ರೀತಿ ಗೊತ್ತಿರಬೇಕು. ಕುಲುಮೆಯೊಳಗಿನ ಗಾಜು ಬೆಲ್ಲದ ಪಾಕದ ಹದದಲ್ಲಿರುತ್ತದೆ. ಕೊಳವೆಯ ತುದಿಗೆ ಸುತ್ತಿಕೊಂಡ ಮುದ್ದೆಯನ್ನು ಒಂದೇ ಸಮನೆ ತಿರುಗಿಸುತ್ತಲೇ ಇರಬೇಕು. ನಿಲ್ಲಿಸಿದರೆ ಭೂಮಿ ಅದನ್ನು ಕೆಳಕ್ಕೆ ಎಳೆಯುತ್ತದೆ. ಊದುಗಾರನ ಪಾಂಡಿತ್ಯವೆಂದರೆ ಈ ಎಳೆತಕ್ಕೆ ಸೋಲದೆ ಮಧ್ಯರೇಖೆ ಕಾಯ್ದುಕೊಳ್ಳುವುದು. ಅನಂತರ ವಸ್ತುವನ್ನು ಅನೀಲರ್ ಎಂಬ ಗೂಡಿನಲ್ಲಿಟ್ಟು ಗಂಟೆಗಟ್ಟಲೆ ನಿಧಾನವಾಗಿ ತಣಿಸುತ್ತಾರೆ, ಇಲ್ಲದಿದ್ದರೆ ಒಳಗಿನ ಬಿಗಿತಕ್ಕೆ ಸಿಡಿಯುತ್ತದೆ. ಬುಟ್ಟಿಗಳನ್ನು ಮಾಡುವಾಗ ಚಿಹುಲಿ ಈ ಪಾಂಡಿತ್ಯವನ್ನು ಕೊನೆಯ ಗಳಿಗೆಯಲ್ಲಿ ಕೈಬಿಟ್ಟರು. ಗೋಡೆ ತೀರಾ ತೆಳ್ಳಗಾಗುವವರೆಗೆ ಊದಿ, ಮತ್ತೆ ಬೆಂಕಿಗೆ ಹಿಡಿದು, ಅಂಚು ನಡುಗತೊಡಗುವಷ್ಟು ಕಾಯಿಸಿ, ತಿರುಗಿಸುವುದನ್ನು ಬಿಟ್ಟರು. ಗಾಜು ತನಗೆ ಬೇಕಾದ ಕಡೆ ವಾಲಿತು, ಬಳುಕಿತು, ತನ್ನೊಳಗೆ ತಾನು ಮಡಚಿಕೊಂಡಿತು. ಸರಿಯಾದ ಕ್ಷಣಕ್ಕೆ ಬೆಂಕಿಯಿಂದ ಹೊರಗೆಳೆದರೆ ಆ ಬಳುಕು ಹಾಗೇ ಗಟ್ಟಿಯಾಗುತ್ತದೆ. ಒಂದು ಉಸಿರು ತಡವಾದರೆ ಎಲ್ಲ ನೆಲದ ಪಾಲು. ಕಂದು, ಹೊಗೆಸೊಪ್ಪಿನ ಬಣ್ಣ, ಮಾಸಲು ಹಳದಿಗಳ ಈ ಬುಟ್ಟಿಗಳನ್ನು ಒಂದು ದೊಡ್ಡದರೊಳಗೆ ನಾಲ್ಕಾರು ಚಿಕ್ಕವು ಒರಗಿ ಕೂತಂತೆ ಜೋಡಿಸಿದರು. ಕಾರ್ಖಾನೆಯಲ್ಲಿ ತಿಪ್ಪೆಗೆ ಹೋಗುತ್ತಿದ್ದ ಆಕಾರ ಹೀಗೆ ಪೀಠವೇರಿತು. ಮುಂದಿನ ಗಾತ್ರ, ಬಣ್ಣ, ಬೆಳಕುಗಳ ಅಬ್ಬರದಲ್ಲಿ ಈ ಬುಟ್ಟಿಗಳ ತಣ್ಣನೆಯ ಆತ್ಮವಿಶ್ವಾಸ ಮತ್ತೆ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಮೂಲನಿವಾಸಿಗಳ ಕಂಬಳಿ, ಬುಟ್ಟಿಗಳಿಂದ ಬಿಳಿಯ ಕಲಾವಿದ ಹೀಗೆ ಪಡೆಯುವುದು ಸರಿಯೇ ಎಂಬ ಪ್ರಶ್ನೆ ಏಳುತ್ತದೆ. ಕಂಬಳಿಯ ಸರಣಿಯಲ್ಲಿ ವಿನ್ಯಾಸವನ್ನೇ ತೆಗೆದುಕೊಂಡದ್ದರಿಂದ ಪ್ರಶ್ನೆಗೆ ತೂಕವಿದೆ. ಬುಟ್ಟಿಯ ಸರಣಿಯಲ್ಲಿ ಅವರು ತೆಗೆದುಕೊಂಡದ್ದು ಹೆಣಿಗೆಯ ಚಿಹ್ನೆಗಳನ್ನಲ್ಲ, ಕಾಲ ಅವುಗಳ ಮೇಲೆ ಮಾಡಿದ ಕೆಲಸವನ್ನು. ಮೂಲವನ್ನು ಅವರು ಎಂದೂ ಮುಚ್ಚಿಡಲಿಲ್ಲ. ಸಿಯಾಟಲ್‌ನ ತಮ್ಮ ಪ್ರದರ್ಶನಾಲಯದಲ್ಲಿ ಗಾಜಿನ ಬುಟ್ಟಿಗಳ ಪಕ್ಕದಲ್ಲೇ ಹೆಣೆದ ಬುಟ್ಟಿಗಳನ್ನೂ ಕಂಬಳಿಗಳನ್ನೂ ಇಟ್ಟಿದ್ದಾರೆ.

ಕಡಲು ಮತ್ತು ಬಣ್ಣ

1980ರಲ್ಲಿ ಬಂದ ಕಡಲ ರೂಪಗಳ ಸರಣಿ ಬುಟ್ಟಿಯಿಂದಲೇ ಹುಟ್ಟಿತು. ಗೀರುಗಳಿರುವ ಅಚ್ಚಿನೊಳಗೆ ಊದಿದರೆ ಗಾಜಿನ ಮೈಮೇಲೆ ಏಣುಗಳು ಮೂಡುತ್ತವೆ. ಆ ಏಣುಗಳ ಬಲದಿಂದ ಗೋಡೆಯನ್ನು ಇನ್ನಷ್ಟು ತೆಳ್ಳಗೆ ಮಾಡಬಹುದು. ಚಿಪ್ಪು, ಕಡಲ ಹೂ, ಲೋಳೆಮೀನುಗಳನ್ನು ನೆನಪಿಸುವ ಈ ರೂಪಗಳು ಯಾವ ಜೀವಿಯ ನಕಲೂ ಅಲ್ಲ.

1981ರ ಮಾಕಿಯಾ ಸರಣಿ ಹುಟ್ಟಿದ್ದು ಒಂದು ಸರಳ ಆಸೆಯಿಂದ: ಕೆಲಸದ ಕೋಣೆಯಲ್ಲಿದ್ದ ಮುನ್ನೂರು ಬಣ್ಣಗಳನ್ನೂ ಬಳಸಿಬಿಡಬೇಕು. ಒಳಗೊಂದು ಬಣ್ಣ, ಹೊರಗೊಂದು ಬಣ್ಣ, ಅಂಚಿಗೆ ಇವೆರಡಕ್ಕೂ ಸೇರದ ಮೂರನೆಯ ಬಣ್ಣದ ಒಂದು ಗೆರೆ. ತೊಡಕಿದ್ದದ್ದು ಒಳಗಿನದೂ ಹೊರಗಿನದೂ ಒಂದರಲ್ಲೊಂದು ಬೆರೆತು ಕೆಸರಾಗುವುದರಲ್ಲಿ. ನಡುವೆ ಬಿಳಿಯ ಗಾಜಿನ ಪದರವೊಂದನ್ನು ಮೋಡದಂತೆ ಹರಡಿ ಅದನ್ನು ಬಿಡಿಸಿಕೊಂಡರು. ಹಾಗಾಗಿ ಮಾಕಿಯಾದ ಬಟ್ಟಲನ್ನು ಹೊರಗಿನಿಂದ ನೋಡಿದರೆ ಕಾಣುವುದು ಚುಕ್ಕೆ ಚೆಲ್ಲಿದ ಒಂದು ವಸ್ತು, ಬಗ್ಗಿ ಒಳಗೆ ನೋಡಿದರೆ ಬೇರೆಯೇ ಒಂದು. ನಾಲ್ಕು ಅಡಿಯಷ್ಟು ಅಗಲಕ್ಕೆ ಇವು ಬೆಳೆದವು. ತಾಯಿ ಮೊದಮೊದಲು ಇವನ್ನು ಕುರೂಪಗಳು ಎನ್ನುತ್ತಿದ್ದರಂತೆ.

1986ರಲ್ಲಿ ಪ್ಯಾರಿಸ್ಸಿನ ಲೂವ್ರ್ ಅರಮನೆಯಲ್ಲಿರುವ ಅಲಂಕಾರ ಕಲೆಗಳ ಸಂಗ್ರಹಾಲಯ ಅವರ ಏಕವ್ಯಕ್ತಿ ಪ್ರದರ್ಶನ ಏರ್ಪಡಿಸಿತು. ಮಾರ್ಟಿನ್ ಬ್ಲ್ಯಾಂಕ್ ಗ್ಯಾಫರ್ ಆಗಿದ್ದಾಗ ಅದೇ ವರ್ಷ ಶುರುವಾದ ಪರ್ಶಿಯನ್ ಸರಣಿಯ ಹೂದಳದಂಥ ತಟ್ಟೆಗಳು ಮುಂದೆ ಗೋಡೆ, ಛಾವಣಿಗಳಿಗೆ ಹಬ್ಬಿದವು. 1988ರ ವೆನಿಷಿಯನ್ ಸರಣಿಯಲ್ಲಿ ಬೆಂಚಿನ ಮೇಲೆ ಕೂತವರು ತಾಲ್ಯಾಪಿಯೆತ್ರಾ. ವೆನಿಸ್ಸಿನ ಒಂದು ಖಾಸಗಿ ಸಂಗ್ರಹದಲ್ಲಿ ಕಂಡ ಹಳೆಯ ಹೂದಾನಿಗಳಿಂದ ಹೊರಟು, ಬಳ್ಳಿ, ಸುರುಳಿ, ಎಲೆಗಳು ಮೈಯಿಂದ ಚಿಮ್ಮುವ ಹುಚ್ಚು ವೈಭವಕ್ಕೆ ಅದು ಹೋಯಿತು. 1991ರಲ್ಲಿ ಬಾಲ್ಯದ ಕಡಲತೀರ ಮರಳಿತು. ಗಾಜಿನ ಕಲೆಗೆ ಹೆಸರಾದ ಜಪಾನಿನ ನೀಜಿಮಾ ದ್ವೀಪದ ಹೆಸರಿಟ್ಟು ಮಾಡಿದ ತೇಲುಗುಂಡುಗಳು ಒಂದು ಮೀಟರ್‌ವರೆಗೆ ವ್ಯಾಸವುಳ್ಳವು. ಆಕಾರ ಸರಳ ನಿಜ, ಆದರೆ ಇಷ್ಟು ದೊಡ್ಡ ಗುಂಡನ್ನು ಊದುವುದು ಈ ಕಸುಬಿನಲ್ಲಿ ಅತ್ಯಂತ ಕಷ್ಟದ ಕೆಲಸಗಳಲ್ಲೊಂದು.

ವೆನಿಸ್ಸಿನ ಕಾಲುವೆಗಳ ಮೇಲೆ

ಬಾರ್ಸಿಲೋನಾದ ಹೋಟೆಲೊಂದರಲ್ಲಿ ತೂಗುದೀಪವೊಂದು ಕಣ್ಣಿನ ಎತ್ತರಕ್ಕೆ ಇಳಿಬಿದ್ದಿದ್ದನ್ನು ಕಂಡು, ದೀಪವಿಲ್ಲದ ತೂಗುದೀಪ ಮಾಡುವ ಯೋಚನೆ ಚಿಹುಲಿಗೆ ಬಂತು. 1992ರಲ್ಲಿ ಸಿಯಾಟಲ್ ಕಲಾ ಸಂಗ್ರಹಾಲಯದ ಪ್ರದರ್ಶನಕ್ಕೆ ಮೊದಲನೆಯದು ಸಿದ್ಧವಾಯಿತು. ಉಕ್ಕಿನ ಚೌಕಟ್ಟಿಗೆ ಒಂದೇ ಬಗೆಯ ನೂರಾರು ತುಂಡುಗಳನ್ನು ಒಂದೊಂದಾಗಿ ತಂತಿಯಿಂದ ಕಟ್ಟಿ ಗೊಂಚಲು ಮಾಡುವ ಈ ಕ್ರಮದಿಂದ ಗಾತ್ರಕ್ಕಿದ್ದ ಮಿತಿಯೇ ಹೋಯಿತು. ಊದುವ ಒಂದು ತುಂಡಿನ ಅಳತೆಗೆ ಮನುಷ್ಯನ ತೋಳಿನ ಬಲ ಗಡಿ ಹಾಕುತ್ತದೆ. ಗೊಂಚಲಿಗೆ ಆ ಗಡಿ ಇಲ್ಲ.

ಅದರ ಫಲವೇ 1995–96ರ ‘ಚಿಹುಲಿ ಓವರ್ ವೆನಿಸ್’. ಫಿನ್‌ಲೆಂಡಿನ ನೂಟಯಾರ್ವಿ, ಐರ್ಲೆಂಡಿನ ವಾಟರ್‌ಫರ್ಡ್, ಮೆಕ್ಸಿಕೊದ ಮಾಂಟೆರೇ ಗಾಜು ಕಾರ್ಖಾನೆಗಳಿಗೆ ತಂಡದೊಡನೆ ಹೋಗಿ, ಅಲ್ಲಿನ ಕಸುಬುದಾರರ ಜೊತೆ ಸೇರಿ ಗಾಜು ಊದಿದರು. ಪರಸ್ಪರ ಮಾತು ತಿಳಿಯದವರು ಗಾಜಿನ ಹದ, ಕೈಸನ್ನೆಗಳಲ್ಲೇ ಕೆಲಸ ಮುಗಿಸಿದರು. ನೂಟಯಾರ್ವಿಯಲ್ಲಿ ಚಿಹುಲಿ ಒಂದು ದಿನ ಗಾಜಿನ ತುಂಡುಗಳನ್ನು ಸೇತುವೆಯ ಮೇಲಿನಿಂದ ಹೊಳೆಗೆ ಎಸೆಯತೊಡಗಿದರು. ತುಂಡುಗಳು ತೇಲಿ ಹೋದವು. ಊರಿನ ಹುಡುಗರು ಮರದ ದೋಣಿಗಳಲ್ಲಿ ಹೋಗಿ ಅವನ್ನೆಲ್ಲ ಹೆಕ್ಕಿ ತಂದರು. ಬಣ್ಣಬಣ್ಣದ ಗಾಜು ತುಂಬಿದ ದೋಣಿಗಳು ದಡಕ್ಕೆ ಬರುವುದನ್ನು ನೋಡಿದ್ದೇ, ದೋಣಿಯಲ್ಲಿ ಗಾಜು ಪೇರಿಸುವ ಹೊಸ ಬಗೆಯೇ ಅವರಿಗೆ ಸಿಕ್ಕಿತು. ಅದು ಇಂದಿಗೂ ಅವರ ಪ್ರದರ್ಶನಗಳಲ್ಲಿ ಜನ ಹೆಚ್ಚು ಹೊತ್ತು ನಿಲ್ಲುವ ಜಾಗ. 1996ರ ಸೆಪ್ಟೆಂಬರಿನಲ್ಲಿ ವೆನಿಸ್ಸಿನ ಕಾಲುವೆ, ಚೌಕಗಳಲ್ಲಿ 14 ಗೊಂಚಲುಗಳು ಎದ್ದವು. ವೆನಿನಿಯಲ್ಲಿ ಕಲಿಯಲು ಬಂದಿದ್ದ ಹುಡುಗ ಅಂದಿನಿಂದ ಮೂವತ್ತು ವರ್ಷ ಕಳೆಯುವ ಮೊದಲೇ ಮುರಾನೊದವರ ಕಣ್ಣೆದುರು ಅವರ ವಿದ್ಯೆಯನ್ನೇ ಈ ಗಾತ್ರಕ್ಕೆ ತಂದು ತೂಗಿಬಿಟ್ಟ. ಈ ಯೋಜನೆಯ ಮೇಲಿನ ಚಿತ್ರ, 1998ರಲ್ಲಿ ಅಮೆರಿಕದ ಪಿಬಿಎಸ್ ವಾಹಿನಿ ದೇಶದುದ್ದಕ್ಕೂ ಎಚ್‌ಡಿ ತಂತ್ರದಲ್ಲಿ ಬಿತ್ತರಿಸಿದ ಮೊದಲ ಕಾರ್ಯಕ್ರಮ.

ಅಲ್ಲಿಂದ ಮುಂದೆ ಕಟ್ಟಡಗಳ ಸರದಿ. 1998ರಲ್ಲಿ ಲಾಸ್ ವೇಗಸ್ಸಿನ ಬೆಲಾಜಿಯೊ ಹೋಟೆಲಿನ ಛಾವಣಿಗೆ ಎರಡು ಸಾವಿರಕ್ಕೂ ಹೆಚ್ಚು ಗಾಜಿನ ಹೂಗಳ ‘ಫಿಯೋರಿ ದಿ ಕೋಮೊ’. 1999ರ ಕೊನೆಯಿಂದ 2000ದವರೆಗೆ ಜೆರುಸಲೇಮಿನ ದಾವೀದನ ಗೋಪುರದ ಕೋಟೆಯಲ್ಲಿ ನಡೆದ ಪ್ರದರ್ಶನವನ್ನು ಹತ್ತು ಲಕ್ಷಕ್ಕೂ ಮೀರಿದ ಜನ ನೋಡಿದರು. 2001ರಲ್ಲಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದ ಗುಮ್ಮಟದಡಿ ಹಳದಿ, ನೀಲಿ, ಹಸಿರು ಸುರುಳಿಗಳ ಗೊಂಚಲು. ಹುಟ್ಟೂರು ಟಕೋಮಾದಲ್ಲಿ 2002ರಲ್ಲಿ ತೆರೆದ, 500 ಅಡಿ ಉದ್ದದ ಗಾಜಿನ ಸೇತುವೆ ಇವೆಲ್ಲಕ್ಕಿಂತ ಆಪ್ತ. ಹೆದ್ದಾರಿಯ ಮೇಲೆ ಹಾದು ಗಾಜಿನ ಸಂಗ್ರಹಾಲಯವನ್ನು ಊರಿಗೆ ಸೇರಿಸುವ ಈ ಕಾಲುಸೇತುವೆಯಲ್ಲಿ ನಡೆಯುವವರು ಟಿಕೆಟ್ ಕೊಳ್ಳಬೇಕಿಲ್ಲ; ತಲೆಯ ಮೇಲಿನ ಛಾವಣಿಯಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಕಡಲ ರೂಪಗಳು ಬಿಸಿಲನ್ನು ಸೋಸಿ ಕಳಿಸುತ್ತವೆ.

ಸಸ್ಯೋದ್ಯಾನಗಳು

2001ರಲ್ಲಿ ಶಿಕಾಗೊದ ಗಾರ್‌ಫೀಲ್ಡ್ ಪಾರ್ಕ್ ಗಾಜಿನಮನೆಯಲ್ಲಿ ಗಿಡಗಳ ನಡುವೆ ಗಾಜು ನೆಟ್ಟ ಪ್ರದರ್ಶನ ಚಿಹುಲಿಯ ಇನ್ನೊಂದು ದೀರ್ಘ ಅಧ್ಯಾಯದ ಆರಂಭ. 2005ರಲ್ಲಿ ಲಂಡನ್ನಿನ ಕ್ಯೂ, 2006ರಲ್ಲಿ ನ್ಯೂಯಾರ್ಕ್, 2021ರಲ್ಲಿ ಸಿಂಗಾಪುರದ ಗಾರ್ಡನ್ಸ್ ಬೈ ದಿ ಬೇ, 2024ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ ಸಸ್ಯೋದ್ಯಾನ. ಬೆಂಗಳೂರಿನವರಿಗೆ ಕ್ಯೂ ತೀರ ಪರಕೀಯವಲ್ಲ. ಲಾಲ್‌ಬಾಗಿನಲ್ಲಿ ಗಾಜಿನಮನೆ ಎದ್ದಾಗ ಅಲ್ಲಿನ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರನ್, ಅವರ ನಂತರ ಬಂದ ಕೃಂಬಿಗಲ್ ಇಬ್ಬರೂ ಕ್ಯೂನಲ್ಲಿ ಪಳಗಿ ಬಂದವರು. ಆ ಕ್ಯೂಗೆ 2019ರಲ್ಲಿ ಚಿಹುಲಿ ಮತ್ತೆ ಬಂದರು, ದುರಸ್ತಿಯಾಗಿ ಹೊಸದಾಗಿ ತೆರೆದಿದ್ದ ಟೆಂಪರೇಟ್ ಹೌಸ್‌ನಲ್ಲಿ ನೀಲಿಯ ಪರ್ಶಿಯನ್ ತಟ್ಟೆಗಳನ್ನು ತೂಗಿದರು.

ತೋಟದಲ್ಲಿ ಚಿಹುಲಿಯ ಗಾಜು ಸಂಗ್ರಹಾಲಯದಲ್ಲಿದ್ದುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಸ್ಪಾಟ್‌ಲೈಟಿನ ಕೆಳಗೆ ಅತಿಯಾಯಿತೆನ್ನಿಸುವ ಕೆಂಪು, ಕಿತ್ತಳೆಗಳು ಎಲೆಗಳ ನಡುವೆ, ಹೊತ್ತಿಗೊಂದು ಬಣ್ಣ ತಿರುಗುವ ಹಗಲಿನಲ್ಲಿ ಹದಕ್ಕೆ ಬರುತ್ತವೆ. ನೆಲದಿಂದೆದ್ದ ಜೊಂಡಿನಂಥ ಗಾಜಿನ ಕಡ್ಡಿಗಳ ನಡುವೆ ಯಾವುದು ಗಿಡ, ಯಾವುದು ಗಾಜು ಎಂದು ಒಂದು ಕ್ಷಣ ಅನುಮಾನವಾಗುತ್ತದೆ. 2012ರಲ್ಲಿ ಸಿಯಾಟಲ್‌ನ ಸ್ಪೇಸ್ ನೀಡಲ್ ಬುಡದಲ್ಲಿ ತೆರೆದ ‘ಚಿಹುಲಿ ಗಾರ್ಡನ್ ಆ್ಯಂಡ್ ಗ್ಲಾಸ್’ ಈ ಅನುಭವಕ್ಕೆ ಶಾಶ್ವತ ನೆಲೆ. ಅಲ್ಲಿನ ಗಾಜಿನಮನೆಯೊಳಗೆ ನೂರು ಅಡಿ ಉದ್ದದ ಕೆಂಪು ಹಳದಿ ಹೂಬಳ್ಳಿ ತೂಗುತ್ತದೆ. ಸಿಯಾಟಲ್ ಸುತ್ತ ನೆಲೆಸಿರುವ ಸಾಫ್ಟ್‌ವೇರ್ ಕನ್ನಡಿಗರು ಊರಿಂದ ಬಂದ ಅಪ್ಪ ಅಮ್ಮನಿಗೆ ಗೋಪುರ ತೋರಿಸಲು ಹೋದರೆ ಪಕ್ಕದಲ್ಲೇ ಇದೂ ಇದೆ.

ಯಾರ ಕೈ, ಯಾರ ಹೆಸರು

ತಾವೇ ಊದದ ಗಾಜಿಗೆ ಚಿಹುಲಿಯ ಹೆಸರೇಕೆ ಎಂಬ ಪ್ರಶ್ನೆ 1980ರ ದಶಕದಿಂದಲೂ ಬೆನ್ನು ಹತ್ತಿದೆ. ಸಿನಿಮಾ ನಿರ್ದೇಶಕ ಕ್ಯಾಮೆರಾ ಹಿಡಿಯುವುದಿಲ್ಲ, ವಾಸ್ತುಶಿಲ್ಪಿ ಇಟ್ಟಿಗೆ ಕಟ್ಟುವುದಿಲ್ಲ ಎಂಬುದು ಅವರ ಪರವಾದ ವಾದ, ಮತ್ತು ಅದು ಸರಿಯಾದದ್ದೇ. ತಕರಾರು ಗಂಭೀರವಾದದ್ದು 2005ರಲ್ಲಿ ಅವರು ಇಬ್ಬರು ಗಾಜು ಕಲಾವಿದರ ಮೇಲೆ, ತಮ್ಮ ಶೈಲಿಯನ್ನು ನಕಲು ಮಾಡಿದ್ದಾರೆಂದು ಮೊಕದ್ದಮೆ ಹೂಡಿದಾಗ. ಅವರಲ್ಲಿ ಒಬ್ಬರು ಚಿಹುಲಿಯ ಬಳಿಯೇ ದುಡಿದವರು. ಚಿಪ್ಪಿನ ಬಳುಕಿಗೆ, ಬಟ್ಟಲಿನ ವಾಲಿಕೆಗೆ ಒಡೆಯ ಯಾರು? ಗುರುತ್ವ ಮತ್ತು ಬೆಂಕಿಯಿಂದ ಮೂಡುವ ಆಕಾರವನ್ನು ಒಬ್ಬರು ತಮ್ಮದೆನ್ನಬಹುದೇ? ಮರುವರ್ಷ ಪ್ರಕರಣ ಹೊರಗೇ ರಾಜಿಯಾದ್ದರಿಂದ ನ್ಯಾಯಾಲಯ ಇದಕ್ಕೆ ಉತ್ತರ ಹೇಳಲಿಲ್ಲ. ಗಾಜನ್ನು ಅದರ ಪಾಡಿಗೆ ಬಿಟ್ಟೇ ಹೆಸರಾದವರು ಈ ಮೊಕದ್ದಮೆಗೆ ಹೋಗಬಾರದಿತ್ತು ಎನ್ನುವುದು ಈ ಲೇಖಕರ ಅಭಿಪ್ರಾಯ. 2017ರಲ್ಲಿ ಹಿಂದಿನ ಸಹಾಯಕರೊಬ್ಬರು, ಚಿತ್ರಗಳಲ್ಲಿ ತಮ್ಮ ಪಾಲೂ ಇದೆಯೆಂದು ಹೂಡಿದ ಇನ್ನೊಂದು ದಾವೆ 2019ರಲ್ಲಿ ವಜಾ ಆಯಿತು. ಆ ಹೊತ್ತಿಗೆ ಚಿಹುಲಿ ಮತ್ತು ಪತ್ನಿ ಲೆಸ್ಲಿ, ದಶಕಗಳಿಂದ ಕಾಡಿದ ಬೈಪೋಲಾರ್ ಮನೋಬಾಧೆಯ ಬಗ್ಗೆ ಬಹಿರಂಗವಾಗಿ ಮಾತನಾಡಿದರು.

ಗೊಂಚಲುಗಳು ಒಂದೇ ಅಚ್ಚಿನವಾಗಿ ಹೋಟೆಲು, ಆಸ್ಪತ್ರೆ, ಹಡಗುಗಳ ಅಲಂಕಾರವಾದವು ಎಂಬ ವಿಮರ್ಶಕರ ಮಾತನ್ನು ತಳ್ಳಿಹಾಕಲಾಗದು. ಬೇಡಿಕೆ ಹೆಚ್ಚಿದಂತೆ ಪುನರಾವರ್ತನೆಯೂ ಹೆಚ್ಚಿತು. ಆದರೆ ಅದೇ ಬೇಡಿಕೆ ಸಿಯಾಟಲ್‌ನಲ್ಲಿ ನೂರಾರು ಗಾಜು ಕಸುಬುದಾರರನ್ನು ಸಾಕಿತು. ಹಗಲು ಚಿಹುಲಿಯ ತಂಡದಲ್ಲಿ ದುಡಿದು, ಉಳಿದ ಹೊತ್ತು ತಮ್ಮದೇ ಕೆಲಸ ಮಾಡಿ ಬೆಳೆದವರು ಹಲವರು. ವಿಲಿಯಂ ಮಾರಿಸ್ ಅವರ ಪುರಾತನ ಕುರುಹುಗಳಂಥ ಶಿಲ್ಪಗಳಾಗಲಿ, ಮಾರ್ಟಿನ್ ಬ್ಲ್ಯಾಂಕ್ ಅವರ ಹೊರಾಂಗಣ ಶಿಲ್ಪಗಳಾಗಲಿ ಚಿಹುಲಿಯ ನೆರಳಿನಂತೆ ಕಾಣುವುದಿಲ್ಲ.

ಇತ್ತೀಚಿನ ಸರಣಿಗಳಲ್ಲಿ ಗಮನಿಸಬೇಕಾದದ್ದು 2013ರ ‘ರೊಟೊಲೊ’. ಬಣ್ಣಕ್ಕೆ ಹೆಸರಾದವರು ಎಪ್ಪತ್ತು ದಾಟಿದ ಮೇಲೆ ಬಣ್ಣವನ್ನೇ ಬಿಟ್ಟು, ಸ್ವಚ್ಛ ಗಾಜಿನ ದಪ್ಪ ಸುರುಳಿಗಳನ್ನು ಒಂದರ ಮೇಲೊಂದು ಸುತ್ತಿಸಿದರು. ಊದುವ ಕೆಲಸವೇ ಇದರಲ್ಲಿಲ್ಲ. ಕಾದ ಗಾಜಿನ ತೋರವಾದ ಕಡ್ಡಿ ಬಳುಕಿ ಗಟ್ಟಿಯಾಗುವ ಮೊದಲು ಅದನ್ನು ಸುತ್ತಿ ಮುಗಿಸಬೇಕು, ತೂಕ ವಿಪರೀತ, ತಿದ್ದಲು ಎರಡನೆಯ ಅವಕಾಶವಿಲ್ಲ. ಬೆಂಚಿನ ಮೇಲಿದ್ದವರು ಜೇಮ್ಸ್ ಮಾಂಗ್ರೇನ್. ಚಿಹುಲಿ ತಮ್ಮ ತಂಡಕ್ಕೆ ಕೊಟ್ಟ ಅತ್ಯಂತ ಕಠಿಣ ಕೆಲಸಗಳಲ್ಲಿ ಇದೂ ಒಂದು.